ವೈಲ್ಡ್ ಗನ್ಸ್: ಮೊದಲ ಸ್ಟೇಜ್ ದಾಟಲಾಗದವರಿಗೆ ಸಮಗ್ರ ಮಾರ್ಗದರ್ಶಿ

ಕೋಲಾರದ ನಮ್ಮ ಮಹಡಿ ಕೋಣೆಯಲ್ಲಿ ಭಾನುವಾರಗಳಂದು ವೈಲ್ಡ್ ಗನ್ಸ್ ಎಂಬ ಗುಂಡು ಹಾರಿಸುವ ವಿಡಿಯೊ ಗೇಮ್ ಆಡಲು ಬಂಗಾರಪೇಟೆ, ಮುಳಬಾಗಿಲು, ರಾಬರ್ಟ್‌ಸನ್‌ಪೇಟೆ ಕಡೆಯಿಂದ ಬರುವ ಹುಡುಗರು ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಸಾಯುತ್ತಾರೆ. ಸತ್ತ ಮೇಲೆ ಅವರು ಹೇಳುವ ಮಾತೂ ಒಂದೇ: "ಗುಂಡು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ." ಗುಂಡು ಎದುರಿನಿಂದಲೇ ಬಂದಿರುತ್ತದೆ, ಅವರ ಕಣ್ಣಿಗೂ ಬಿದ್ದಿರುತ್ತದೆ. ಆದರೆ ಫೈರ್ ಬಟನ್ ಮೇಲಿನ ಬೆರಳನ್ನು ಎತ್ತದ ಕಾರಣ ಅವರ ಪಾತ್ರ ನಿಂತಲ್ಲೇ ನಿಂತಿರುತ್ತದೆ.

ಈ ಆಟದಲ್ಲಿ ಫೈರ್ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಕಾಲು ನೆಲಕ್ಕೆ ಅಂಟಿರುತ್ತದೆ. ದಿಕ್ಕಿನ ಬಟನ್ ಆಗ ಗುರಿಚಿಹ್ನೆಯನ್ನು ಮಾತ್ರ ಓಡಿಸುತ್ತದೆ. ಬೆರಳು ಬಿಟ್ಟ ಕೂಡಲೇ ಪಾತ್ರವೂ ಗುರಿಚಿಹ್ನೆಯೂ ಒಟ್ಟಿಗೆ ಚಲಿಸುತ್ತವೆ. ಈ ಒಂದು ನಿಯಮ ಕೈಗೆ ಹತ್ತದವರಿಗೆ ಉಳಿದ ಯಾವ ಸಲಹೆಯೂ ಉಪಯೋಗಕ್ಕೆ ಬಾರದು. ಆದ್ದರಿಂದ ಕೆಳಗಿನ ಕ್ರಮವನ್ನು ಕೊಟ್ಟಿರುವ ಅನುಕ್ರಮದಲ್ಲೇ ಅನುಸರಿಸಬೇಕೆಂದು ಕೋರುತ್ತೇನೆ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದವರು ವಾರ ಕಳೆದ ಮೇಲೆ ಮತ್ತೆ ಮೂರನೆಯದಕ್ಕೇ ಬಂದಿದ್ದಾರೆ.

1. ಬೇಕಾದ ಸಾಮಗ್ರಿ

ಆಟದ ಎರಡು ರೂಪಗಳಿವೆ. ಮೊದಲನೆಯದು ನ್ಯಾಟ್ಸುಮೆ ಸಂಸ್ಥೆ 1994ರಲ್ಲಿ ಸೂಪರ್ ನಿಂಟೆಂಡೊ ಎಂಬ ಆಟದ ಯಂತ್ರಕ್ಕೆ ತಂದದ್ದು. ಎರಡನೆಯದು 2016ರಲ್ಲಿ ಪ್ಲೇಸ್ಟೇಷನ್ 4ಕ್ಕೂ ನಂತರ ಕಂಪ್ಯೂಟರ್‌ಗೂ ಸ್ವಿಚ್ ಎಂಬ ನಿಂಟೆಂಡೊ ಯಂತ್ರಕ್ಕೂ ಬಂದ ವೈಲ್ಡ್ ಗನ್ಸ್ ರೀಲೋಡೆಡ್. ಹಳೆಯ ಕಾರ್ಟ್ರಿಡ್ಜ್ ದುಬಾರಿ. ನಮ್ಮ ಕಡೆ ಅದನ್ನು ಹುಡುಕುತ್ತ ಕೂರುವುದು ವ್ಯರ್ಥ. ಸಾಧಾರಣ ಕಂಪ್ಯೂಟರ್ ಇದ್ದರೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ರೀಲೋಡೆಡ್ ಕೊಂಡುಕೊಳ್ಳುವುದೇ ಸುಲಭದ ದಾರಿ. ಈ ಮಾರ್ಗದರ್ಶಿಯಲ್ಲಿ ಹೇಳಿರುವ ಮೂಲ ಚಲನೆಗಳು ಎರಡೂ ರೂಪಗಳಿಗೆ ಅನ್ವಯಿಸುತ್ತವೆ.

ಇದರ ಜೊತೆಗೆ ತಂತಿಯಿರುವ ಒಂದು ಕಂಟ್ರೋಲರ್, ನಿಧಾನಗತಿಯ ವಿಡಿಯೊ ತೆಗೆಯಬಲ್ಲ ಒಂದು ಮೊಬೈಲ್, ಒಂದು ನೋಟ್‌ಬುಕ್ ಬೇಕು. ಕಂಟ್ರೋಲರ್‌ನ ದಿಕ್ಕಿನ ಬಟನ್ ಗಟ್ಟಿಯಾಗಿರಬೇಕು. ಎಡಕ್ಕೆ ಒತ್ತಿದಾಗ ಆಗೊಮ್ಮೆ ಈಗೊಮ್ಮೆ ಮೇಲಕ್ಕೂ ಹೋಗುವ ಅಗ್ಗದ ಕಂಟ್ರೋಲರ್‌ಗಳಲ್ಲಿ ಗುರಿಚಿಹ್ನೆ ತಾನಾಗಿ ಆಕಾಶಕ್ಕೆ ಏರುತ್ತದೆ, ಆಡುವವನು ತನ್ನ ಕೈಯೇ ಸರಿಯಿಲ್ಲವೆಂದು ನಂಬುತ್ತಾನೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕಂಪ್ಯೂಟರ್‌ಗೆ ಜೋಡಿಸಿ, ಎಡ ಬಟನ್ ಒತ್ತಿ ಹಿಡಿದು ಹೆಬ್ಬೆರಳನ್ನು ಸ್ವಲ್ಪ ಅಲುಗಾಡಿಸಿ ನೋಡಿ.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತು. ಮನೆಯ ಇನ್ವರ್ಟರ್ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಸ್ವಿಚ್ ಇದ್ದು, ಅದು ಸಾಧಾರಣ ಸ್ಥಿತಿಯಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗಬಹುದು. ಅದನ್ನು ಯುಪಿಎಸ್ ಸ್ಥಿತಿಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ. ನಾಲ್ಕನೆಯ ಸ್ಟೇಜ್‌ನಲ್ಲಿ ಆಟ ಕಳೆದುಕೊಂಡ ಮೇಲೆ ನಾನು ಕಲಿತ ಪಾಠ ಇದು.

2. ಪರದೆಯ ವಿಳಂಬವನ್ನು ಅಳೆಯುವುದು

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹೊಸ ಟಿವಿಗಳು ಚಿತ್ರವನ್ನು ಸುಂದರಗೊಳಿಸುವ ಕೆಲಸದಲ್ಲಿ ತೊಡಗಿ, ನೀವು ಬಟನ್ ಒತ್ತಿದ್ದರ ಪರಿಣಾಮವನ್ನು ತಡವಾಗಿ ತೋರಿಸುತ್ತವೆ. ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡುವುದರಿಂದ ಒಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡು. ಟಿವಿ ನೂರು ಮಿಲಿಸೆಕೆಂಡು ತಡಮಾಡಿದರೆ ನೀವು ಆರು ಚಿತ್ರಗಳಷ್ಟು ಹಿಂದಿನ ಲೋಕವನ್ನು ನೋಡುತ್ತ ಆಡುತ್ತಿರುತ್ತೀರಿ. ಒಂದೇ ಪೆಟ್ಟಿಗೆ ಜೀವ ಹೋಗುವ ಆಟದಲ್ಲಿ ಆರು ಚಿತ್ರ ಸಣ್ಣ ಮಾತಲ್ಲ.

ಅಳೆಯುವ ವಿಧಾನ ಹೀಗಿದೆ. ಮೊಬೈಲ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಗೆ ಇಟ್ಟು, ಕಂಟ್ರೋಲರ್ ಮತ್ತು ಪರದೆ ಎರಡೂ ಚೌಕಟ್ಟಿನಲ್ಲಿ ಬರುವಂತೆ ನಿಲ್ಲಿಸಿ, ಜಂಪ್ ಬಟನ್ನನ್ನು ಹತ್ತು ಸಲ ಒತ್ತಿ. ನಂತರ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತ, ಬಟನ್ ತಳ ಮುಟ್ಟಿದ ಚಿತ್ರದಿಂದ ಪಾತ್ರ ನೆಲ ಬಿಟ್ಟ ಚಿತ್ರದವರೆಗೆ ಎಣಿಸಿ. ಇಲ್ಲಿ ಪ್ರತಿ ಚಿತ್ರವೂ ಸುಮಾರು 4.2 ಮಿಲಿಸೆಕೆಂಡು. ಹತ್ತು ಸಲದ ಸರಾಸರಿ ಇಪ್ಪತ್ತೈದು ಚಿತ್ರ ದಾಟಿದರೆ, ಅಂದರೆ ನೂರು ಮಿಲಿಸೆಕೆಂಡು ಮೀರಿದರೆ, ಅಭ್ಯಾಸ ಆರಂಭಿಸಬೇಡಿ. ಮೊದಲು ಟಿವಿಯನ್ನು ಸರಿಪಡಿಸಿ.

ಟಿವಿಯ ಚಿತ್ರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹುಡುಕಿ ಆನ್ ಮಾಡುವುದು ಮೊದಲ ಮದ್ದು. ಬಹಳಷ್ಟು ಟಿವಿಗಳಲ್ಲಿ ಈ ಆಯ್ಕೆ ಪ್ರತಿ ಎಚ್‌ಡಿಎಂಐ ಕಿಂಡಿಗೂ ಪ್ರತ್ಯೇಕವಾಗಿರುತ್ತದೆ. ಸೆಟ್‌ಟಾಪ್ ಬಾಕ್ಸ್ ಕಿಂಡಿಗೆ ಗೇಮ್ ಮೋಡ್ ಹಾಕಿ, ಕಂಪ್ಯೂಟರನ್ನು ಪಕ್ಕದ ಕಿಂಡಿಗೆ ಸಿಕ್ಕಿಸಿದವರನ್ನು ನಾನು ಕಂಡಿದ್ದೇನೆ. ಚಲನೆಯನ್ನು ನುಣುಪಾಗಿಸುವ ಆಯ್ಕೆಗಳು ಇದ್ದರೆ ಅವನ್ನೆಲ್ಲ ಆಫ್ ಮಾಡಿ. ಇಷ್ಟರಿಂದಲೂ ವಿಳಂಬ ಇಳಿಯದಿದ್ದರೆ ಟಿವಿ ಬಿಟ್ಟು ಸಾಮಾನ್ಯ ಕಂಪ್ಯೂಟರ್ ಮಾನಿಟರ್‌ಗೆ ಬನ್ನಿ; ಪರದೆ ಚಿಕ್ಕದಾದರೂ ನಷ್ಟವಿಲ್ಲ.

ಇನ್ನೊಂದು ಅಪಾಯ ಅಂಚು ಕತ್ತರಿಸುವುದು. ಕೆಲವು ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚುಗಳನ್ನು ಪರದೆಯಾಚೆ ತಳ್ಳುತ್ತವೆ. ಈ ಆಟದಲ್ಲಿ ನಿಮ್ಮ ಪಾತ್ರ ನಿಲ್ಲುವುದೇ ಕೆಳಗಿನ ಅಂಚಿನ ಹತ್ತಿರ, ಆರನೆಯ ಅಧ್ಯಾಯದಲ್ಲಿ ಬರುವ ಶಕ್ತಿಯ ಪಟ್ಟಿ ಇರುವುದೂ ಅಲ್ಲೇ. ಪಾತ್ರದ ಪಾದಗಳು ಅಥವಾ ಪಟ್ಟಿ ಅರ್ಧ ಮಾತ್ರ ಕಾಣುತ್ತಿದ್ದರೆ ಟಿವಿಯ ಚಿತ್ರದ ಅಳತೆಯ ಆಯ್ಕೆಯಲ್ಲಿ ಸ್ಕ್ರೀನ್ ಫಿಟ್ ಅಥವಾ ಅದರಂತಹ ಹೆಸರಿನದನ್ನು ಆರಿಸಿ.

3. ಬೆರಳು ಬಿಡುವ ಅಭ್ಯಾಸ

ಈಗ ಮುಖ್ಯ ವಿಷಯಕ್ಕೆ ಬರೋಣ. ಜಾತ್ರೆಯ ಬಲೂನ್ ಅಂಗಡಿಯಲ್ಲಿ ಬಂದೂಕು ಹಿಡಿದವನಿಗೆ ನಿಂತಲ್ಲೇ ನಿಂತು ಉಸಿರು ಬಿಗಿಹಿಡಿದು ಗುರಿಯಿಡುವುದು ಮರ್ಯಾದೆಯ ಪ್ರಶ್ನೆ. ಬಲೂನು ತಿರುಗಿ ಗುಂಡು ಹಾರಿಸುವುದಿಲ್ಲವಾದ್ದರಿಂದ ಅಲ್ಲಿ ಅದು ಸರಿ. ಇಲ್ಲಿ ಎದುರಿಗಿರುವ ದರೋಡೆಕೋರರೂ ಯಂತ್ರಮಾನವರೂ ಒಂದೇ ಸಮನೆ ಗುಂಡು ಹಾರಿಸುತ್ತಾರೆ. ಆದರೆ ಕೈ ಹಳೆಯ ಬಲೂನ್ ಬುದ್ಧಿಯನ್ನೇ ತೋರಿಸುತ್ತದೆ: ಗುರಿ ಸಿಕ್ಕಿತೆಂದರೆ ಬಟನ್ ಬಿಡಲು ಮನಸ್ಸು ಬರುವುದಿಲ್ಲ.

ಮೊದಲ ದಿನ, ಕಾರ್ಸನ್ ಸಿಟಿ ಎಂಬ ಮೊದಲ ಸ್ಟೇಜ್‌ನಲ್ಲಿ ಫೈರ್ ಬಟನ್ ಮುಟ್ಟದೆ ಆಡಿ. ನಡೆಯಿರಿ, ಹಾರಿ, ಗಾಳಿಯಲ್ಲಿದ್ದಾಗ ಮತ್ತೊಮ್ಮೆ ಜಂಪ್ ಒತ್ತಿ ಎರಡನೆಯ ಸಲ ಹಾರಿ. ಸಾಯುತ್ತೀರಿ, ಸಾಯಿರಿ. ನಡೆಯುವಾಗ ಗುರಿಚಿಹ್ನೆ ನಿಮ್ಮ ಜೊತೆಗೇ ಹೇಗೆ ಸರಿಯುತ್ತದೆ ಎಂಬುದನ್ನು ಗಮನಿಸುವುದು ಈ ಹತ್ತು ನಿಮಿಷದ ಉದ್ದೇಶ. ಗುರಿಯಿಡಲು ನಿಲ್ಲಲೇಬೇಕು ಎಂಬ ಭ್ರಮೆ ಇಲ್ಲಿ ಒಡೆಯುತ್ತದೆ. ಸ್ಥಳ ಬದಲಿಸುತ್ತಲೇ ಗುರಿಯನ್ನು ಮುಂದಿನ ಶತ್ರುವಿನ ಮೇಲೆ ತಂದು ನಿಲ್ಲಿಸಬಹುದು.

ಎರಡನೆಯ ದಿನ ಎಣಿಕೆಯೊಂದಿಗೆ ಆಡಿ. ಫೈರ್ ಒತ್ತಿ, ಬಾಯಿಬಿಟ್ಟು "ಒಂದು, ಎರಡು" ಎನ್ನಿ, ಬಿಡಿ, ಎರಡು ಹೆಜ್ಜೆ ಸರಿಯಿರಿ, ಮತ್ತೆ ಒತ್ತಿ. ಶತ್ರು ಸತ್ತಿರಲಿ, ಸಾಯದಿರಲಿ, ಎರಡಕ್ಕೆ ಬಿಡಬೇಕು. "ಇನ್ನೊಂದೇ ಗುಂಡು ಹೊಡೆದರೆ ಬೀಳುತ್ತಾನೆ" ಎಂಬ ಆಸೆಯಿಂದ ಮೂರಕ್ಕೆ ಹೋದವರು ಆ ಮೂರರಲ್ಲೇ ಸಾಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಈಗ ಪಕ್ಕದಲ್ಲಿ ಕುಳಿತು ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟಿ ಎಣಿಸುತ್ತೇನೆ. ಹುಡುಗರಿಗೆ ಇದು ಸಿಟ್ಟು ತರಿಸುತ್ತದೆ, ಆದರೆ ಬೆರಳು ಬಿಡುವುದನ್ನು ಕಲಿಯುತ್ತಾರೆ.

ಅಪಾಯದ ಸೂಚನೆ: ಅರ್ಧ ಗಂಟೆ ಆಡಿದ ಮೇಲೆ ಬಲ ಹೆಬ್ಬೆರಳಿನ ಉಗುರಿನ ಬುಡ ಬಿಳಿಚಿಕೊಂಡಿದ್ದರೆ ನೀವು ಬಟನ್ನನ್ನು ಅಗತ್ಯಕ್ಕಿಂತ ಗಟ್ಟಿಯಾಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಒತ್ತುತ್ತಿದ್ದೀರಿ. ಮೂರು ದಿನವಾದರೂ ಇದು ಹೋಗದಿದ್ದರೆ ನಾಲ್ಕನೆಯ ಅಧ್ಯಾಯಕ್ಕೆ ಹೋಗದೆ ಮತ್ತೆ ಮೊದಲ ದಿನದ ಅಭ್ಯಾಸ ಮಾಡಿ.

4. ಕಣ್ಣು ಎಲ್ಲಿರಬೇಕು

ಹೊಸಬರು ಗುರಿಚಿಹ್ನೆಯನ್ನೇ ದಿಟ್ಟಿಸುತ್ತಾರೆ. ಗುರಿಚಿಹ್ನೆ ಪರದೆಯ ಮೇಲಿನ ಅರ್ಧದಲ್ಲಿ, ಸಾಯುವವನು ಕೆಳಗಿನ ಅರ್ಧದಲ್ಲಿ. ಈ ದೂರವೇ ಆಟದ ನಿಜವಾದ ಕಷ್ಟ.

ಕಣ್ಣನ್ನು ನಿಮ್ಮ ಪಾತ್ರದ ತಲೆಗಿಂತ ಸ್ವಲ್ಪ ಮೇಲೆ ನೆಡಿ. ಗುರಿಚಿಹ್ನೆಯನ್ನು ಓರೆನೋಟದಲ್ಲಿ ಹಿಡಿಯಬೇಕು. ಅದು ಸಾಧ್ಯ, ಒಂದು ವಾರ ಹಿಡಿಯುತ್ತದೆ. ಸ್ಕೂಟರ್ ಓಡಿಸುವಾಗ ಮುಂದಿನ ರಸ್ತೆ ನೋಡುತ್ತ ಕನ್ನಡಿಯನ್ನೂ ಗಮನಿಸುವ ರೀತಿಯಲ್ಲೇ ಇದು ಅಭ್ಯಾಸವಾಗುತ್ತದೆ. ನಿಮ್ಮನ್ನು ತಾಗಲಿರುವ ಗುಂಡು ಹತ್ತಿರ ಬಂದಾಗ ಪಾತ್ರದ ಪಕ್ಕದಲ್ಲಿ "ಲುಕ್ ಔಟ್" ಎಂಬ ಮಾತಿನ ಗುಳ್ಳೆ ಮೂಡುತ್ತದೆ. ಆಟವೇ ಕೊಡುವ ಈ ಎಚ್ಚರಿಕೆಯನ್ನು ಬಹಳ ಜನ ಅಲಂಕಾರವೆಂದು ತಿಳಿದಿದ್ದಾರೆ. ಗುಳ್ಳೆ ಮೂಡಿದ ಮೇಲೆ ಗುಂಡು ಯಾವುದೆಂದು ಹುಡುಕಬೇಡಿ, ಹುಡುಕುವಷ್ಟು ಸಮಯವಿಲ್ಲ. ಗುಳ್ಳೆ ಕಂಡ ಕೂಡಲೇ ದೇಹ ಕದಲಬೇಕು. ಯಾರಾದರೂ ಜೊತೆಗಿದ್ದರೆ, ಅವರು ನಿಮ್ಮ ಬದಲಿಗೆ ಆಡುವಾಗ ನೀವು ಪಕ್ಕದಲ್ಲಿ ಕುಳಿತು ಗುಳ್ಳೆ ಕಂಡಾಗಲೆಲ್ಲ ಚಿಟಿಕೆ ಹಾಕುವ ಅಭ್ಯಾಸ ಮಾಡಿ.

5. ಉರುಳುವುದು, ಹಾರುವುದು: ಯಾವಾಗ ಯಾವುದು

ಫೈರ್ ಬಟನ್ ಹಿಡಿದಿರುವಾಗಲೇ ಒಂದು ದಿಕ್ಕನ್ನು ಒತ್ತಿ ಜಂಪ್ ಒತ್ತಿದರೆ ಪಾತ್ರ ಆ ದಿಕ್ಕಿಗೆ ಉರುಳುತ್ತದೆ. ಫೈರ್ ಬಿಟ್ಟಿದ್ದಾಗ ಅದೇ ಜಂಪ್ ಸಾಧಾರಣ ಹಾರಾಟವಾಗುತ್ತದೆ. ಒಂದೇ ಬಟನ್, ಬೆರಳಿನ ಸ್ಥಿತಿಗೆ ತಕ್ಕಂತೆ ಎರಡು ಅರ್ಥ. ಗಾಬರಿಯಲ್ಲಿ ಉರುಳಲು ಹೋಗಿ ಹಾರಿದವರು, ಹಾರಲು ಹೋಗಿ ಉರುಳಿದವರು ಇಬ್ಬರೂ ಇದನ್ನು ಆಟದ ದೋಷವೆಂದು ದೂರುತ್ತಾರೆ.

ನನ್ನ ಸಲಹೆಯೆಂದರೆ ಮೊದಲ ಎರಡು ವಾರ ಉರುಳುವುದನ್ನು ಮಾತ್ರ ತುರ್ತು ಮದ್ದಾಗಿ ಬಳಸಿ, ಹಾರುವುದನ್ನು ಸ್ಥಳ ಬದಲಿಸಲು ಇಟ್ಟುಕೊಳ್ಳಿ. ಗುಂಡು ಹಾರಿಸುತ್ತಿರುವಾಗ "ಲುಕ್ ಔಟ್" ಬಂದರೆ ಬೆರಳು ಈಗಾಗಲೇ ಫೈರ್ ಮೇಲಿರುತ್ತದೆ, ಆದ್ದರಿಂದ ದಿಕ್ಕು ಮತ್ತು ಜಂಪ್ ಸಾಕು. ಬೆರಳು ಎತ್ತಿ ನಡೆಯುತ್ತಿರುವಾಗ ಬಂದರೆ ಹಾರಿ. ಸಾಲದಿದ್ದರೆ ಗಾಳಿಯಲ್ಲೇ ಇನ್ನೊಮ್ಮೆ ಹಾರಿ.

ಉರುಳುವಾಗ ಗುಂಡಿನ ನಡುವೆಯೇ ನುಸುಳಿ ಹೋಗಬಹುದು. ಆದರೆ ಉರುಳಿ ಎದ್ದ ಕ್ಷಣದಲ್ಲಿ ರಕ್ಷಣೆ ಇಲ್ಲ. ಆದ್ದರಿಂದ ಗುಂಡಿನಿಂದ ದೂರಕ್ಕೆ ಓಡುವಂತೆ ಉರುಳುವುದಕ್ಕಿಂತ, ಏಳುವ ಜಾಗ ಖಾಲಿಯಿದೆಯೇ ಎಂದು ನೋಡಿ ಉರುಳುವುದು ಮೇಲು. ಇದರಲ್ಲಿ ಆಗುವ ದೊಡ್ಡ ತಪ್ಪು ಮೂಲೆ ಸೇರುವುದು. ಬಲಕ್ಕೆ ಉರುಳಿ, ಮತ್ತೆ ಬಲಕ್ಕೆ ಉರುಳಿ, ಪರದೆಯ ಅಂಚಿಗೆ ಅಂಟಿಕೊಂಡವನಿಗೆ ಮೂರನೆಯ ಸಲ ಹೋಗಲು ಒಂದೇ ದಿಕ್ಕು ಉಳಿಯುತ್ತದೆ, ಗುಂಡುಗಳು ಬರುತ್ತಿರುವುದೂ ಆ ದಿಕ್ಕಿನಿಂದಲೇ. ಪರದೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು, ನಡುವಿನ ಎರಡು ಭಾಗಗಳನ್ನು ಮನೆಯೆಂದು ತಿಳಿಯಿರಿ. ಅಂಚಿಗೆ ಹೋದರೆ ಮುಂದಿನ ಹೆಜ್ಜೆ ಮನೆಗೆ ಬರುವುದೇ ಆಗಿರಬೇಕು.

6. ಗುಂಡಿಗೆ ಗುಂಡು ಹೊಡೆಯುವುದು

ಶತ್ರುವನ್ನು ಬಿಟ್ಟು ಶತ್ರುವಿನ ಗುಂಡಿಗೆ ಗುರಿಯಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಈ ಆಟದಲ್ಲಿ ಎದುರಿನಿಂದ ಬರುವ ಗುಂಡುಗಳನ್ನು ಹೊಡೆದು ಅಳಿಸಬಹುದು. ಹಾಗೆ ಅಳಿಸಿದಂತೆ ಕೆಳಗಿನ ಪಟ್ಟಿ ತುಂಬುತ್ತ ಹೋಗುತ್ತದೆ. ಪಟ್ಟಿ ಪೂರ್ತಿ ತುಂಬಿದಾಗ ಸ್ವಲ್ಪ ಹೊತ್ತಿಗೆ ವಲ್ಕನ್ ಎಂಬ ಭಾರೀ ಬಂದೂಕು ಕೈಗೆ ಬರುತ್ತದೆ, ಅದು ಇರುವಷ್ಟು ಹೊತ್ತು ನಿಮಗೆ ಪೆಟ್ಟು ತಾಗುವುದಿಲ್ಲ. ಆದ್ದರಿಂದ ಗುಂಡು ಅಳಿಸುವುದರಲ್ಲಿ ಎರಡು ಲಾಭ: ಈಗಿನ ಜೀವ ಉಳಿಯುತ್ತದೆ, ಮುಂದೆ ಬೇಕಾಗುವ ಆಯುಧವೂ ಸಿದ್ಧವಾಗುತ್ತದೆ.

ಅಭ್ಯಾಸಕ್ಕೆ ಹೀಗೆ ಮಾಡಿ. ಒಬ್ಬ ಶತ್ರುವನ್ನು ಬೇಕೆಂದೇ ಕೊಲ್ಲದೆ ಬಿಡಿ. ಅವನಿಗೂ ನಿಮಗೂ ನಡುವಿನ ದಾರಿಯಲ್ಲಿ, ಅವನಿಗಿಂತ ಸ್ವಲ್ಪ ಕೆಳಗೆ ಗುರಿಚಿಹ್ನೆ ಇಟ್ಟು ಎರಡೆರಡು ಎಣಿಕೆಯ ಗುಂಡು ಹಾರಿಸಿ. ಅವನ ಗುಂಡುಗಳು ನಿಮ್ಮ ಗುಂಡುಗಳಿಗೆ ತಾವಾಗಿ ಬಂದು ಬೀಳುತ್ತವೆ. ಐದು ನಿಮಿಷ ಹೀಗೆ ಆಡಿದರೆ ಪಟ್ಟಿ ಎಷ್ಟು ಬೇಗ ತುಂಬುತ್ತದೆಂಬ ಅಂದಾಜು ಬರುತ್ತದೆ.

ಇಲ್ಲಿಯೂ ಮೂರನೆಯ ಅಧ್ಯಾಯದ ಪಾಠ ಕಾಡುತ್ತದೆ. ಗುಂಡು ಅಳಿಸುವ ಸುಖಕ್ಕೆ ಬಿದ್ದು ನಿಂತಲ್ಲೇ ನಿಂತವನನ್ನು ಪಕ್ಕದಿಂದ ಇನ್ನೊಬ್ಬ ಹೊಡೆಯುತ್ತಾನೆ. ಪಟ್ಟಿ ಮುಕ್ಕಾಲು ತುಂಬಿದಾಗ ಆಸೆ ಹೆಚ್ಚುತ್ತದೆ, ಎಣಿಕೆ ತಪ್ಪುತ್ತದೆ. ನನ್ನ ನೋಟ್‌ಬುಕ್ಕಿನ ಪ್ರಕಾರ ನಮ್ಮ ಕೋಣೆಯ ಹುಡುಗರು ಹೆಚ್ಚು ಸಾಯುವುದು ಆ ಮುಕ್ಕಾಲಿನಲ್ಲೇ. ಕೊನೆಗೆ ಬರುವ ದೊಡ್ಡ ಶತ್ರುವಾದ ಬಾಸ್‌ಗಿಂತ ಸ್ವಲ್ಪ ಮುಂಚೆ ಪಟ್ಟಿ ತುಂಬುವ ಹಾಗಿದ್ದರೆ, ಗುಂಡುಗಳನ್ನು ಅಳಿಸದೆ ತಪ್ಪಿಸಿಕೊಳ್ಳುತ್ತ ತಡೆಹಿಡಿದು, ಬಾಸ್ ಎದುರಿಗೆ ಬಂದ ಮೇಲೆ ಕೊನೆಯ ಕೆಲವನ್ನು ಅಳಿಸಿ ವಲ್ಕನ್ ಪಡೆಯುವುದು ಜಾಣತನ. ಆದರೆ ಇದು ಎರಡನೆಯ ತಿಂಗಳ ಮಾತು.

7. ಹಗ್ಗ, ಡೈನಮೈಟ್, ಬಾಂಬ್ ಮತ್ತು ಉಳಿದವು

ಫೈರ್ ಬಟನ್ನನ್ನು ಹಿಡಿಯದೆ ವೇಗವಾಗಿ ತಟ್ಟುತ್ತ ಹೋದರೆ ಹಗ್ಗದ ಕುಣಿಕೆ ಹೊರಬರುತ್ತದೆ. ಕುಣಿಕೆಗೆ ಸಿಕ್ಕ ಶತ್ರು ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಾನೆ. ಹೊಸಬರು ಹಗ್ಗವನ್ನು ತಮಾಷೆಗೆ ಬಳಸುತ್ತಾರೆ. ಅದರ ನಿಜವಾದ ಉಪಯೋಗ ಹಲವು ಪೆಟ್ಟು ಬೇಡುವ ಗಟ್ಟಿ ಶತ್ರುವನ್ನು ನಿಲ್ಲಿಸಿ ಹೊಡೆಯುವುದರಲ್ಲಿದೆ. ಸಣ್ಣವರಿಗೆ ಹಗ್ಗ ಎಸೆಯುವುದು ಸಮಯದ ದಂಡ.

ಶತ್ರುಗಳು ಎಸೆಯುವ ಡೈನಮೈಟ್ ಕಾಲ ಬಳಿ ಬಿದ್ದರೆ ಓಡಬೇಕಿಲ್ಲ, ಎತ್ತಿ ತಿರುಗಿ ಎಸೆಯಬಹುದು. ಆದರೆ ಬತ್ತಿ ಉರಿದು ಮುಗಿಯುವ ಮುಂಚೆ ತಲುಪುವ ದೂರದಲ್ಲಿದ್ದರೆ ಮಾತ್ರ. ಮೂರು ಹೆಜ್ಜೆಗಿಂತ ದೂರ ಬಿದ್ದದ್ದನ್ನು ಮರೆತುಬಿಡಿ. ಚಾಕು ಹಿಡಿದು ನಿಮ್ಮ ಪಕ್ಕಕ್ಕೇ ಬಂದವನ ಮೇಲೆ ಗುರಿಯಿಡುವ ಗೋಜಿಗೆ ಹೋಗಬೇಡಿ. ಅಷ್ಟು ಹತ್ತಿರದಲ್ಲಿ ಫೈರ್ ಒತ್ತಿದರೆ ಪಾತ್ರ ತಾನಾಗಿ ಕೈಯೆಟುಕಿನ ಪೆಟ್ಟು ಕೊಡುತ್ತದೆ.

ಪರದೆಯಲ್ಲಿರುವವರನ್ನೆಲ್ಲ ಒಟ್ಟಿಗೆ ಹೊಡೆಯುವ ಬಾಂಬ್ ಬಗ್ಗೆ ಒಂದೇ ಮಾತು: ಉಳಿಸಿಕೊಂಡು ಸಾಯಬೇಡಿ. ಪರದೆಯಲ್ಲಿ ಎಲ್ಲಿ ಉರುಳಿದರೂ ಏಳುವ ಜಾಗ ಖಾಲಿಯಿಲ್ಲ ಎನಿಸಿದ ಕ್ಷಣವೇ ಬಾಂಬಿನ ಕ್ಷಣ. ಬಿದ್ದ ಶತ್ರುಗಳಿಂದಲೂ ಒಡೆದ ವಸ್ತುಗಳಿಂದಲೂ ಸಿಗುವ ಶಾಟ್‌ಗನ್, ಮಷೀನ್‌ಗನ್, ಗ್ರೆನೇಡ್ ಲಾಂಚರ್‌ಗಳಿಗೆ ಗುಂಡುಗಳ ಮಿತಿ ಇದೆ. ಅವನ್ನು ಸಣ್ಣಪುಟ್ಟವರ ಮೇಲೆ ಖರ್ಚು ಮಾಡದೆ ದೊಡ್ಡ ಯಂತ್ರಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದಾದರೂ, ಆಯುಧ ಹೆಕ್ಕಲೆಂದು ಅಂಚಿಗೆ ಓಡಿ ಸಾಯುವುದಕ್ಕಿಂತ ಅದನ್ನು ಬಿಟ್ಟುಬಿಡುವುದೇ ಲೇಸು.

ರೀಲೋಡೆಡ್ ಆಡುವವರಿಗೆ ಪಾತ್ರದ ಆಯ್ಕೆಯ ಪ್ರಶ್ನೆ ಬರುತ್ತದೆ. ಕ್ಲಿಂಟ್ ಮತ್ತು ಆ್ಯನಿ ಮೂಲ ಆಟದವರು, ಈ ಮಾರ್ಗದರ್ಶಿಯ ಅಭ್ಯಾಸಗಳೆಲ್ಲ ಅವರಿಗೆ ಹೊಂದುತ್ತವೆ. ಹೊಸದಾಗಿ ಸೇರಿದ ಡೋರಿಸ್ ಗ್ರೆನೇಡ್ ಎಸೆಯುತ್ತಾಳೆ, ಬುಲೆಟ್ ಎಂಬ ನಾಯಿಯ ಜೊತೆ ಒಂದು ಡ್ರೋನ್ ಇದೆ. ನಾಯಿ ಮುದ್ದಾಗಿದೆಯೆಂದು ಅದರಿಂದಲೇ ಆರಂಭಿಸಬೇಡಿ. ಅದರ ಆಟದ ರೀತಿಯೇ ಬೇರೆ; ನಂತರ ಕ್ಲಿಂಟ್‌ಗೆ ಬಂದಾಗ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ.

8. ಸ್ಟೇಜ್‌ಗಳ ಸರದಿ

ಮೂಲ ಆಟದಲ್ಲಿ ಕಾರ್ಸನ್ ಸಿಟಿ ಮುಗಿದ ಮೇಲೆ ನಾಲ್ಕು ಸ್ಟೇಜ್‌ಗಳನ್ನು ಬೇಕಾದ ಕ್ರಮದಲ್ಲಿ ಆಡಬಹುದು: ಡೆಸೊಲೇಷನ್ ಕ್ಯಾನಿಯನ್ ಎಂಬ ಬರಡು ಕಣಿವೆ, ಗೋಲ್ಡ್ ಮೈನ್ ಎಂಬ ಚಿನ್ನದ ಗಣಿ, ಕವಚ ತೊಟ್ಟ ರೈಲು, ಮದ್ದುಗುಂಡಿನ ಉಗ್ರಾಣ. ನಾಲ್ಕೂ ಮುಗಿದ ಮೇಲೆ ಕೊನೆಯದು. ರೀಲೋಡೆಡ್‌ನಲ್ಲಿ ಇವುಗಳ ಜೊತೆಗೆ ಎರಡು ಹೊಸ ಸ್ಟೇಜ್‌ಗಳಿವೆ.

ಕೆಜಿಎಫ್‌ನಿಂದ ಬರುವ ಹುಡುಗರು ತಪ್ಪದೆ ಗಣಿಯನ್ನೇ ಮೊದಲು ಆರಿಸುತ್ತಾರೆ. 2001ರಲ್ಲಿ ಮುಚ್ಚಿದ ಗಣಿಯ ನೆರಳಲ್ಲಿ ಬೆಳೆದವರಿಗೆ ಬೇರೆ ಆಯ್ಕೆ ಹೇಗೆ ಹೊಳೆಯಬೇಕು? ಬಂಗಾರಪೇಟೆಯವರು ಜಂಕ್ಷನ್ನಿನ ಅಭಿಮಾನದಿಂದ ರೈಲು ಹಿಡಿಯುತ್ತಾರೆ. ಅಭಿಮಾನ ಒಳ್ಳೆಯದೇ. ಆದರೆ ದಿನವೂ ಒಂದೇ ಸ್ಟೇಜ್‌ನಿಂದ ಆರಂಭಿಸಿ ಅಲ್ಲೇ ಜೀವ ಕಳೆದುಕೊಂಡರೆ ಉಳಿದ ಮೂರರ ಪರಿಚಯವೇ ಆಗುವುದಿಲ್ಲ. ಗಣಿಯನ್ನು ಕಣ್ಣುಮುಚ್ಚಿ ಆಡುವ ಒಬ್ಬ ಹುಡುಗ ಉಗ್ರಾಣವನ್ನು ಎರಡು ತಿಂಗಳು ನೋಡಿಯೇ ಇರಲಿಲ್ಲ.

ಆದ್ದರಿಂದ ಅಭ್ಯಾಸದ ದಿನಗಳಲ್ಲಿ ಸರದಿ ಹಾಕಿ: ಸೋಮವಾರ ಕಣಿವೆ ಮೊದಲು, ಮಂಗಳವಾರ ಗಣಿ, ಬುಧವಾರ ರೈಲು, ಗುರುವಾರ ಉಗ್ರಾಣ. ನಾಲ್ಕರಲ್ಲೂ ಬಾಸ್ ಮುಖ ನೋಡಿದ ಮೇಲೆ ಮಾತ್ರ ಪೂರ್ತಿ ಆಟ ಮುಗಿಸುವ ಪ್ರಯತ್ನಕ್ಕೆ ಇಳಿಯಿರಿ. ಆಗ ಕ್ರಮವನ್ನು ನಿಮ್ಮ ನೋಟ್‌ಬುಕ್ ಹೇಳಬೇಕು: ನಿಮಗೆ ಹೆಚ್ಚು ಜೀವ ಖರ್ಚಾಗುವ ಸ್ಟೇಜ್ ಮೊದಲು, ಕಡಿಮೆ ಖರ್ಚಾಗುವುದು ಕೊನೆಗೆ. ಕಷ್ಟದ್ದರಲ್ಲೇ ಸೋತರೆ ಕಳೆದುಹೋಗುವುದು ಹತ್ತು ನಿಮಿಷ ಮಾತ್ರ; ಅದನ್ನು ಕೊನೆಗೆ ಇಟ್ಟು ಸೋತರೆ ಇಡೀ ಸಂಜೆ.

9. ಸಾವಿನ ಲೆಕ್ಕ

ಮೊದಲೇ ಹೇಳಿದ ನೋಟ್‌ಬುಕ್ ಇದಕ್ಕೆ. ಸತ್ತಾಗಲೆಲ್ಲ ಆಟ ನಿಲ್ಲಿಸಿ ಒಂದು ಸಾಲು ಬರೆಯಿರಿ: ಯಾವ ಸ್ಟೇಜ್, ಪರದೆಯ ಯಾವ ಭಾಗ, ಬೆರಳು ಫೈರ್ ಮೇಲಿತ್ತೇ ಇಲ್ಲವೇ. ಇಷ್ಟೇ ಸಾಕು. ಶತ್ರುವಿನ ಹೆಸರು, ಆಯುಧ, ಅಂಕ ಏನೂ ಬೇಡ.

ಐವತ್ತು ಸಾಲಾದ ಮೇಲೆ ಎಣಿಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಬೆರಳು ಫೈರ್ ಮೇಲಿದ್ದರೆ ಮೂರನೆಯ ಅಧ್ಯಾಯಕ್ಕೆ ಮರಳಿ. ಅಂಚುಗಳಲ್ಲೇ ಹೆಚ್ಚು ಸತ್ತಿದ್ದರೆ ಐದನೆಯದಕ್ಕೆ. ಬೆರಳು ಎತ್ತಿದ್ದಾಗ, ಪರದೆಯ ನಡುವಿನಲ್ಲೇ ಹೆಚ್ಚು ಸತ್ತಿದ್ದರೆ ನಿಮ್ಮ ಕೈ ಸರಿಯಿದೆ, ಕಣ್ಣು ತಪ್ಪು ಜಾಗದಲ್ಲಿದೆ, ನಾಲ್ಕನೆಯದನ್ನು ಓದಿ. ಯಾವ ಲೆಕ್ಕಕ್ಕೂ ಸಿಗದಂತೆ ಸಾವುಗಳು ಚದುರಿದ್ದರೆ ಎರಡನೆಯದಕ್ಕೆ ಹೋಗಿ ವಿಳಂಬವನ್ನು ಮತ್ತೊಮ್ಮೆ ಅಳೆಯಿರಿ. ಮನೆಯಲ್ಲಿ ಯಾರೋ ಧಾರಾವಾಹಿ ನೋಡಲು ಗೇಮ್ ಮೋಡ್ ತೆಗೆದಿರುತ್ತಾರೆ. ನಮ್ಮ ಮನೆಯಲ್ಲಿ ಎರಡು ಸಲ ಹೀಗಾಗಿದೆ.

ಸ್ವಿಚ್‌ನ ರೀಲೋಡೆಡ್‌ನಲ್ಲಿ ಹೊಸಬರಿಗೆಂದು ಬಿಗಿನರ್ ಮೋಡ್ ಇದೆ, ಅದರಲ್ಲಿ ಜೀವಗಳಿಗೆ ಮಿತಿಯಿಲ್ಲ. ಸ್ಟೇಜ್‌ಗಳ ಪರಿಚಯಕ್ಕೆ ಅದನ್ನು ಬಳಸಿ, ಆದರೆ ಅಲ್ಲಿನ ಸಾವುಗಳನ್ನೂ ಬರೆದಿಡಿ. ಸಾವಿಗೆ ಬೆಲೆಯಿಲ್ಲದಿದ್ದಾಗ ಬೆರಳು ಮತ್ತೆ ಹಳೆಯ ಚಾಳಿಗೆ ಬೀಳುತ್ತದೆ.

10. ಇಬ್ಬರು ಕೂಡಿ ಆಡುವಾಗ

ಜೊತೆಗಾರ ಸಿಕ್ಕರೆ ಆಟ ಸುಲಭವಾಗುತ್ತದೆಂದು ತಿಳಿದವರಿಗೆ ಮೊದಲ ವಾರ ನಿರಾಸೆ ಕಾದಿದೆ. ಇಬ್ಬರೂ ಒಂದೇ ಶತ್ರುವನ್ನು ಹೊಡೆಯುತ್ತಾರೆ, ಇಬ್ಬರೂ ಒಂದೇ ಆಯುಧಕ್ಕೆ ಓಡುತ್ತಾರೆ, ತನ್ನ ಗುರಿಚಿಹ್ನೆ ಯಾವುದೆಂದು ಇಬ್ಬರಿಗೂ ಮರೆಯುತ್ತದೆ.

ಮೊದಲು ಪರದೆಯನ್ನು ನಡುವೆ ಗೆರೆ ಎಳೆದಂತೆ ಹಂಚಿಕೊಳ್ಳಿ. ಎಡಗಡೆಯ ಶತ್ರುಗಳು ಎಡಗಡೆಯವನಿಗೆ, ಬಲಗಡೆಯವರು ಬಲಗಡೆಯವನಿಗೆ. ಗುಂಡುಗಳ ಲೆಕ್ಕ ಬೇರೆ: ಯಾರ ಕಡೆಗೆ ಬರುತ್ತಿದ್ದರೂ, ಬಿಡುವಾಗಿರುವವನು ಅಳಿಸಬೇಕು. ಬಾಸ್ ಬಂದಾಗ ಒಬ್ಬ ಬಾಸ್ ಮೇಲೆ, ಇನ್ನೊಬ್ಬ ಬಾಸ್ ಬಿಡುವ ಗುಂಡುಗಳ ಮೇಲೆ ಇರಬೇಕು. ಯಾರು ಯಾವುದೆಂದು ಸ್ಟೇಜ್ ಆರಂಭವಾಗುವ ಮೊದಲೇ ತೀರ್ಮಾನವಾಗಲಿ.

ಆಯುಧ ಬಿದ್ದಾಗ ಕ್ರಿಕೆಟ್‌ನಲ್ಲಿ ಕ್ಯಾಚ್‌ಗೆ ಕೂಗುವಂತೆ "ನಂದು" ಎಂದು ಕೂಗಿ. ಮೊದಲು ಕೂಗಿದವನಿಗೆ ಅದು. ಕೂಗದೆ ಓಡಿದವನು ಮುಂದಿನ ಆಯುಧ ಬಿಡಬೇಕು. ಡೈನಮೈಟ್ ಬಿದ್ದಾಗಲೂ ಹೀಗೆಯೇ. ನಮ್ಮ ಕೋಣೆಯಲ್ಲಿ ಗಡಿಬಿಡಿ ಹೆಚ್ಚಾದಾಗ ಒಬ್ಬ ಕನ್ನಡದಲ್ಲಿ, ಒಬ್ಬ ತೆಲುಗಿನಲ್ಲಿ, ರಾಬರ್ಟ್‌ಸನ್‌ಪೇಟೆಯವನು ತಮಿಳಿನಲ್ಲಿ ಕೂಗುತ್ತಾನೆ. ಮೂವರಿಗೂ ಮೂರೂ ಭಾಷೆ ಬರುತ್ತದೆ, ಆದರೆ ಅರ್ಧ ಸೆಕೆಂಡಿನಲ್ಲಿ ಅರ್ಥವಾಗುವುದಿಲ್ಲ. ಆದ್ದರಿಂದ "ನಂದು", "ನಿಂದು", "ಉರುಳು" ಎಂಬ ಮೂರು ಪದಗಳನ್ನು ಮೊದಲೇ ಒಪ್ಪಿಕೊಂಡು, ಆಟ ನಡೆಯುವಾಗ ಬೇರೆ ಯಾವ ಮಾತನ್ನೂ ಆಡದಿರುವುದು ನಮ್ಮ ಕೋಣೆಯ ಕಟ್ಟಳೆ. ಕಟ್ಟಳೆ ಮುರಿದವರು ಕೆಳಗಿಳಿದು ಎಲ್ಲರಿಗೂ ಟೀ ತರಬೇಕು.